ಬಳಲಿದ ಮೇಲೆ ಯಾವ ಕೆಲಸ?



ಯುಗಾದಿಯ ಒಬ್ಬಟ್ಟಿನ ಊಟವಾದ ಮೇಲೆ ಉದ್ಯೋಗದ ವಿಷಯವೆತ್ತುವುದೆಂದರೆ, ಸೋಮವಾರದ ಚಿಂತೆಯನ್ನು ಭಾನುವಾರವೇ ಬಡಿಸಿದಂತೆ. ಆದರೂ ಕಾರ್ಯದರ್ಶಿಗಳು ನಮ್ಮನ್ನು ಮಾತಿಗೆ ಕರೆದಾಗ ನಮಗೆ ತೋಚಿದ್ದು ಇದೊಂದೇ ವಿಷಯ. ಈ ಸಭೆಯಲ್ಲಿ ಇದನ್ನು ಅನುಭವಿಸಿದವರು ಕೆಲವರಾದರೂ ಇರಬಹುದು. ಆದರೆ ಬಾಯಿಬಿಟ್ಟು ಹೇಳಿದವರನ್ನು ನಾವು ಕಂಡಿಲ್ಲ. ಮಾತು ದಂಪತಿಗಳಾದ ನಾವಿಬ್ಬರೂ ಕೂಡಿ ಸಿದ್ಧಪಡಿಸಿದ್ದು. ಆದುದರಿಂದ ಉದ್ದಕ್ಕೂ ‘ನಾವು’ ಎಂದೇ ಹೇಳುತ್ತೇವೆ.

ಬರ್ನ್‌ಔಟ್ ಎಂಬುದಕ್ಕೆ ಸರಿಯಾದ ಒಂದು ಕನ್ನಡ ಪದ ನಮಗೆ ದೊರೆತಿಲ್ಲ. ದಣಿವು ಎಂದರೆ ಕಡಿಮೆಯಾಯಿತು. ರೋಗ ಎಂದರೆ ಹೆಚ್ಚಾಯಿತು. ಎಣ್ಣೆ ತೀರಿದ ಮೇಲೂ ಉರಿಯುವ ದೀಪದಲ್ಲಿ ಬತ್ತಿಯೇ ಸುಡುತ್ತದೆಯಲ್ಲವೆ? ಇದು ಅಂಥ ಸ್ಥಿತಿ. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು, ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದವರನ್ನು ಕಂಡು ಇದರ ಬಗ್ಗೆ ಲೇಖನ ಬರೆದರು. ಅವರು ಗಮನಿಸಿದ ಮುಖ್ಯ ಸಂಗತಿಯೆಂದರೆ, ಹೀಗೆ ಸುಟ್ಟುಹೋಗುವವರು ಸೋಮಾರಿಗಳಲ್ಲ, ನಿಷ್ಠಾವಂತರು. ಮುಂದೆ ಬರ್ಕ್ಲಿಯ ಕ್ರಿಸ್ಟೀನಾ ಮ್ಯಾಸ್ಲಾಕ್ ಅವರು ಸೂಸನ್ ಜಾಕ್ಸನ್ ಅವರೊಡಗೂಡಿ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಲಕ್ಷಣಗಳು ಮೂರು: ಶಕ್ತಿ ಬರಿದಾಗುವುದು, ಕೆಲಸದ ಬಗೆಗೂ ಜನರ ಬಗೆಗೂ ತಾತ್ಸಾರ ಹುಟ್ಟುವುದು, ಮಾಡಿದ್ದೆಲ್ಲ ವ್ಯರ್ಥವೆನ್ನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವರ್ಣಿಸಿತು. ಎಂದರೆ, ಕೊರತೆಯೆಲ್ಲ ದುಡಿಯುವವನ ಸ್ವಭಾವದಲ್ಲೇ ಇಲ್ಲ. ದುಡಿಸುವ ರೀತಿಯಲ್ಲೂ ಇದೆ.

ನಮ್ಮ ಮನೆಗೆ ಇದು ಸದ್ದಿಲ್ಲದೆ ಬಂದಿತು. ನಮ್ಮಲ್ಲೊಬ್ಬರು ದೊಡ್ಡ ಕಂಪನಿಯೊಂದರಲ್ಲಿ ಆರು ವರ್ಷ ತಂತ್ರಾಂಶದ ಕೆಲಸ ಮಾಡಿದರು. ಮೊದಲು ಹೋದದ್ದು ರಾತ್ರಿಯ ನಿದ್ದೆ. ಆಮೇಲೆ ಶನಿವಾರಗಳು ಹೋದವು. ಆಮೇಲೆ ಊರಿನಿಂದ ಬಂದ ದೂರವಾಣಿ ಕರೆಗೆ ಉತ್ತರಿಸುವ ಮನಸ್ಸೂ ಹೋಯಿತು. ಒಂದು ಬೆಳಿಗ್ಗೆ ಕಚೇರಿಯ ಮುಂದೆ ಕಾರು ನಿಲ್ಲಿಸಿ, ಕೆಳಗಿಳಿಯಲಾರದೆ ಮುಕ್ಕಾಲು ಗಂಟೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದು, ಮನೆಗೆ ಹಿಂದಿರುಗಿದ್ದಾಯಿತು. ಎರಡು ವಾರಗಳ ನಂತರ ರಾಜೀನಾಮೆ. ಅಷ್ಟರಲ್ಲಿ ನಮ್ಮ ಕೈಗೆ ಗ್ರೀನ್ ಕಾರ್ಡ್ ಬಂದಿತ್ತು. ಇಲ್ಲದಿದ್ದರೆ ರಾಜೀನಾಮೆ ಕೊಡುವ ಧೈರ್ಯವೂ ಬರುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಊರಿನಲ್ಲಿದ್ದ ಹಿರಿಯರಿಗೆ ನಾವು ನಾಲ್ಕು ತಿಂಗಳು ಈ ವಿಷಯವನ್ನು ತಿಳಿಸಲಿಲ್ಲ. ಅಮೆರಿಕಕ್ಕೆ ಹೋದ ಮಕ್ಕಳು ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದಾರೆಂಬ ಸುದ್ದಿ ಅವರಿಗೆ ಎಂಥ ನೋವು ಕೊಟ್ಟೀತೆಂಬ ಅಂಜಿಕೆ ನಮಗೆ. ದುಡಿಮೆಯೇ ಪೂಜೆಯೆಂದು ನಂಬಿ ಬೆಳೆದವರಲ್ಲವೆ ನಾವು? ಆದರೆ ಆ ನಂಬಿಕೆಯ ಮೂಲಕ್ಕೆ ಹೋದರೆ ಬೇರೊಂದು ಪಾಠವೂ ಅಲ್ಲಿದೆ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನ ಕಾಯಕ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ನಮಗೆಲ್ಲ ತಿಳಿದ ಕಥೆ. ಕಾಯಕಕ್ಕೆ ಒಂದು ಅಳತೆಯುಂಟೆಂದು ಆಕೆ ಅಂದೇ ತೋರಿಸಿಕೊಟ್ಟಿದ್ದಳು. ನಾವು ಮಾರಯ್ಯನ ದುಡಿಮೆಯನ್ನು ನೆನಪಿನಲ್ಲಿಟ್ಟುಕೊಂಡು ಲಕ್ಕಮ್ಮನ ಅಳತೆಯನ್ನು ಮರೆತೆವು.

ಐದನೆಯ ತಿಂಗಳಲ್ಲಿ ಎರಡು ಕರೆಗಳು ಬಂದವು. ಒಂದು, ಕೌಂಟಿ ಸರ್ಕಾರದ ಕಚೇರಿಯಿಂದ. ಹಳೆಯ ಪ್ರೋಗ್ರಾಮುಗಳ ಉಸ್ತುವಾರಿ, ಸಂಜೆ ಐದಕ್ಕೆ ಬಿಡುಗಡೆ, ಮುಂದೆ ಪೆನ್ಷನ್. ಇನ್ನೊಂದು, ಒಂಬತ್ತೇ ಮಂದಿಯಿದ್ದ ಹೊಸ ಕಂಪನಿಯಿಂದ. ಪ್ರಯೋಗಾಲಯದ ಉಪಕರಣಗಳಿಗೆ ಮೊದಲಿನಿಂದ ತಂತ್ರಾಂಶ ರಚಿಸುವ ಕೆಲಸ. ಸಂಬಳ ಹಿಂದಿನದಕ್ಕಿಂತ ಕಾಲುಭಾಗ ಕಡಿಮೆ. ಕಂಪನಿ ಉಳಿದೀತೆಂಬ ಭರವಸೆಯಿಲ್ಲ. ಕೈ ಸುಟ್ಟುಕೊಂಡವರು ಎತ್ತ ಹೋಗಬೇಕು? ಸ್ನೇಹಿತರೆಲ್ಲರೂ ಒಕ್ಕೊರಲಿನಿಂದ ಸರ್ಕಾರಿ ಕಚೇರಿಯೆಂದರು. ನಮಗೂ ಮೊದಲು ಹಾಗೆಯೇ ತೋರಿತು.

ಆಗ ನಮ್ಮ ಕಣ್ಣು ತೆರೆಸಿದ್ದು ಎರಡು ಅಧ್ಯಯನಗಳು. ಮೊದಲನೆಯದು ರಾಬರ್ಟ್ ಕರಾಸೆಕ್ ಅವರು 1979ರಲ್ಲಿ ಮಂಡಿಸಿದ ವಿಚಾರ. ಕೆಲಸದ ಒತ್ತಡವನ್ನಷ್ಟೇ ನೋಡಿದರೆ ಸಾಲದು. ಆ ಕೆಲಸದ ಮೇಲೆ ದುಡಿಯುವವನಿಗಿರುವ ಹಿಡಿತವನ್ನೂ ನೋಡಬೇಕು. ಒತ್ತಡ ಹೆಚ್ಚಾಗಿದ್ದು ಹಿಡಿತ ಕಡಿಮೆಯಾದರೆ ಮನುಷ್ಯ ಕುಗ್ಗುತ್ತಾನೆ. ಒತ್ತಡದೊಡನೆ ಹಿಡಿತವೂ ಇದ್ದರೆ ಕಲಿಯುತ್ತಾನೆ, ಬೆಳೆಯುತ್ತಾನೆ. ಎರಡನೆಯದು ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ. ಅದೇ ಸರ್ಕಾರ, ಅದೇ ಬಗೆಯ ಕಚೇರಿಗಳು. ಆದರೂ ಉನ್ನತ ಹುದ್ದೆಯವರಿಗಿಂತ ಕೆಳದರ್ಜೆಯ ನೌಕರರೇ ಹೃದ್ರೋಗದಿಂದ ಹೆಚ್ಚು ಸಾಯುತ್ತಿದ್ದರು. 1985ರಲ್ಲಿ ತೊಡಗಿದ ಎರಡನೆಯ ಅಧ್ಯಯನದ ಆಧಾರದ ಮೇಲೆ ಮೈಕೆಲ್ ಮಾರ್ಮೊ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದಂತೆ, ಈ ಅಂತರಕ್ಕೆ ಒಂದು ಮುಖ್ಯ ಕಾರಣ ಕೆಲಸದ ಮೇಲೆ ಹಿಡಿತವಿಲ್ಲದಿರುವುದು. ಭದ್ರವೆಂದು ನಾವು ಕರೆಯುವ ನೌಕರಿಯೂ ತನ್ನಷ್ಟಕ್ಕೆ ತಾನೇ ದೇಹವನ್ನು ಕಾಯುವುದಿಲ್ಲವೆಂದು ಇದರಿಂದ ನಾವು ತಿಳಿದೆವು.

ಹೀಗಾಗಿ ನಾವು ಪ್ರಶ್ನೆಯನ್ನೇ ಬದಲಾಯಿಸಿಕೊಂಡೆವು. ಭದ್ರವಾದುದು ಯಾವುದು, ಸವಾಲಿನದು ಯಾವುದು ಎನ್ನುವ ಬದಲು, ಲಗಾಮು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆವು. ಇದೇನು ಹೊಸ ರೀತಿಯಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಆಹ್ವಾನ ಬಂದಾಗ ವಿಶ್ವೇಶ್ವರಯ್ಯನವರು ಒಡನೆಯೇ ಒಪ್ಪಲಿಲ್ಲ. ಕೈಗಾರಿಕೆ, ತಾಂತ್ರಿಕ ಶಿಕ್ಷಣಗಳಲ್ಲಿ ಕೆಲಸ ಮಾಡಲು ತಮಗೆ ಅವಕಾಶವಿರುವುದೇ ಎಂದು ಮೊದಲು ವಿಚಾರಿಸಿದರು. ಅಂಥವರೇ ಕೇಳಿ ತಿಳಿದುಕೊಂಡ ಮೇಲೆ, ಕೇಳಲು ನಮಗೇಕೆ ಸಂಕೋಚ?

ಎರಡೂ ಕಡೆ ಒಂದೇ ಪ್ರಶ್ನೆಗಳನ್ನು ಕೇಳಿದೆವು. ಯಾವ ಕೆಲಸ ಮೊದಲು ಎಂದು ನಿರ್ಧರಿಸುವವರು ಯಾರು? ಆಗದೆಂದು ಹೇಳಿದರೆ ಏನಾಗುತ್ತದೆ? ರಾತ್ರಿಯ ಕರೆಗೆ ಯಾರು ಉತ್ತರಿಸಬೇಕು? ಈ ಜಾಗದಲ್ಲಿ ಹಿಂದೆ ಇದ್ದವರು ಏಕೆ ಬಿಟ್ಟರು? ಕೌಂಟಿ ಕಚೇರಿಯ ಅಧಿಕಾರಿ ಪ್ರಾಮಾಣಿಕರು. ಎಲ್ಲವೂ ಮೇಲಿನಿಂದ ಬರುತ್ತದೆ, ಬದಲಿಸುವ ಅಧಿಕಾರ ತಮಗೂ ಇಲ್ಲ, ಎರಡು ವರ್ಷಗಳಲ್ಲಿ ಇಬ್ಬರು ಬಿಟ್ಟುಹೋದರು ಎಂದರು. ಚಿಕ್ಕ ಕಂಪನಿಯವರು, ಕೆಲಸದ ಕ್ರಮವನ್ನು ಮಾಡುವವರೇ ಗೊತ್ತುಮಾಡಬಹುದೆಂದರು. ಮೊದಲ ಆರು ತಿಂಗಳು ವಾರಕ್ಕೆ ನಾಲ್ಕೇ ದಿನವೆಂಬ ನಮ್ಮ ಕೋರಿಕೆಯನ್ನು ಬರವಣಿಗೆಯಲ್ಲಿ ಒಪ್ಪಿದರು. ನಾವು ಅದನ್ನೇ ಆರಿಸಿಕೊಂಡೆವು.

ಇದನ್ನು ಕೇಳಿ ಎಲ್ಲರೂ ಸಾಹಸಕ್ಕೆ ಹೊರಡಬೇಕೆಂದು ದಯವಿಟ್ಟು ತಿಳಿಯಬೇಡಿ. ನಮ್ಮಲ್ಲಿ ಇನ್ನೊಬ್ಬರಿಗೆ ಸ್ಥಿರವಾದ ಉದ್ಯೋಗವಿತ್ತು. ಇಡೀ ಮನೆಯ ಆರೋಗ್ಯ ವಿಮೆ ಅದರಿಂದಲೇ ನಡೆಯುತ್ತಿತ್ತು. ಎಂಟು ತಿಂಗಳ ಖರ್ಚಿನ ಹಣ ಬ್ಯಾಂಕಿನಲ್ಲಿತ್ತು. ಮನೆ ಕೊಳ್ಳುವ ಯೋಚನೆಯನ್ನು ಮುಂದೂಡಿದೆವು. ಭದ್ರತೆ ಬೇಕಾದುದು ಸಂಸಾರಕ್ಕೆ. ಅದು ಪ್ರತಿಯೊಂದು ನೌಕರಿಯಲ್ಲೂ ಇರಲೇಬೇಕೆಂಬ ನಿಯಮವಿಲ್ಲ. ಆದರೆ ಒಬ್ಬರ ಸಂಬಳದ ಮೇಲೆಯೇ ಮನೆ ನಡೆಯುವಾಗ ಭದ್ರವಾದುದನ್ನೇ ಹಿಡಿಯುವುದು ವಿವೇಕ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಎಚ್-1ಬಿ ವೀಸಾದಲ್ಲಿರುವ ತರುಣರ ಪಾಡು ಬೇರೆ. 2017ರಿಂದ ಜಾರಿಯಲ್ಲಿರುವ ನಿಯಮದಂತೆ ಕೆಲಸ ಹೋದ ಮೇಲೆ ಅವರಿಗೆ ದೊರೆಯುವುದು ಹೆಚ್ಚೆಂದರೆ 60 ದಿನಗಳು. ಅವರು ರಾಜೀನಾಮೆಗೆ ಮುನ್ನ ವೈದ್ಯರನ್ನೂ ವಕೀಲರನ್ನೂ ಕಾಣಬೇಕು. ಬಳಲಿಕೆಯ ಹಿಂದೆ ಥೈರಾಯ್ಡ್, ರಕ್ತಹೀನತೆ, ಖಿನ್ನತೆಗಳೂ ಅಡಗಿರಬಹುದು. ಗಂಭೀರವಾದ ಅನಾರೋಗ್ಯವಿದ್ದಲ್ಲಿ, 1993ರ ಕಾನೂನಿನ ಪ್ರಕಾರ, ಷರತ್ತುಗಳನ್ನು ಪೂರೈಸಿದವರಿಗೆ ಸಂಬಳವಿಲ್ಲದ 12 ವಾರಗಳ ರಜೆಯುಂಟು, ನೌಕರಿ ಹೋಗುವುದಿಲ್ಲ.

ಇನ್ನೊಂದು ಮಾತು. ಬೆಂಕಿ ಆರುವ ಮೊದಲೇ ತೀರ್ಮಾನ ಬೇಡ. ಮೊದಲ ತಿಂಗಳಲ್ಲಿ ಕೇಳಿದ್ದರೆ ಯಾವ ಕೆಲಸವೂ ಬೇಡವೆನ್ನುತ್ತಿದ್ದೆವು. ಎರಡನೆಯ ತಿಂಗಳಲ್ಲಿ ಭಯದಿಂದ ಯಾವುದಾದರೂ ಸರಿ ಎನ್ನುತ್ತಿದ್ದೆವು. ನಿದ್ದೆ ಮರಳಿ, ಪುಸ್ತಕವೊಂದನ್ನು ಸಂತೋಷದಿಂದ ಓದಿ ಮುಗಿಸಿದ ಮೇಲೆಯೇ ನಮಗೆ ನಮ್ಮ ಮನಸ್ಸು ತಿಳಿದದ್ದು.

ಕಡೆಗೆ ಊರಿಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿದೆವು. ಹಾಸನದ ಸರ್ಕಾರಿ ಕಚೇರಿಯಲ್ಲಿ 34 ವರ್ಷ ದುಡಿದು ನಿವೃತ್ತರಾದ ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೀಗೆಂದರು: “ನಾನೂ ಒಂದೇ ಕುರ್ಚಿಯಲ್ಲಿ ಕುಳಿತೆ. ಆದರೆ ಸಂಜೆ ಐದೂವರೆಗೆ ನಾಟಕದ ತಾಲೀಮಿಗೆ ಹೋಗುತ್ತಿದ್ದೆನಲ್ಲ, ಅಲ್ಲಿ ನಾನು ಹೇಳಿದಂತೆ ನಡೆಯುತ್ತಿತ್ತು. ಅದಿಲ್ಲದಿದ್ದರೆ ಮೂವತ್ತನಾಲ್ಕು ವರ್ಷ ನಡೆಯುತ್ತಿರಲಿಲ್ಲ. ಇದನ್ನು ಹೇಳಲು ನಾಲ್ಕು ತಿಂಗಳು ಬೇಕಾಯಿತೆ?”

ನಾವು ಓದಿದ ಅಧ್ಯಯನಗಳ ಸಾರವೆಲ್ಲ ಆ ಮಾತಿನಲ್ಲಿತ್ತು. ಭದ್ರವಾದ ಕೆಲಸವನ್ನು ಆರಿಸಿಕೊಂಡವರು ತಮ್ಮದೆನ್ನುವ ಒಂದು ತಾಲೀಮಿನ ಮನೆಯನ್ನು ಹೊರಗಡೆ ಕಟ್ಟಿಕೊಳ್ಳಲಿ. ಈ ಸಂಘವೇ ಹಲವರಿಗೆ ಹಾಗೆ ಒದಗಿದೆ. ಸವಾಲಿನ ಕೆಲಸಕ್ಕೆ ಹೋಗುವವರು ಲಕ್ಕಮ್ಮನ ಅಳತೆಯನ್ನು ಜೊತೆಯಲ್ಲಿ ಒಯ್ಯಲಿ. ನಮ್ಮ ಕಂಪನಿ ಇನ್ನೂ ಚಿಕ್ಕದೇ. ನಾಳೆ ಅದು ಮುಚ್ಚಲೂಬಹುದು. ಮುಚ್ಚಿದರೆ ಮತ್ತೆ ಹುಡುಕುತ್ತೇವೆ. ಈ ಬಾರಿ ಊರಿಗೆ ಮೊದಲ ದಿನವೇ ತಿಳಿಸುತ್ತೇವೆ.

ನಿಮ್ಮಲ್ಲಿ ಯಾರಾದರೂ ಈಗ ಆ ಸ್ಥಿತಿಯಲ್ಲಿದ್ದರೆ, ಇಲ್ಲಿರುವ ಒಬ್ಬರಿಗಾದರೂ ಇಂದು ಅದನ್ನು ಹೇಳಿ ಮನೆಗೆ ಹೋಗಿರೆಂದು ಕೋರುತ್ತೇವೆ.