ಹಾಡಿನ ಪಂತವೂ ಹಾಡುವವರ ಅನ್ನವೂ



ಹುಬ್ಬಳ್ಳಿ-ಧಾರವಾಡವೆಂದೊಡನೆ ಸಂಗೀತಪ್ರಿಯರ ನಾಲಗೆಯ ಮೇಲೆ ಕೆಲವು ಹೆಸರುಗಳು ತಾವಾಗಿಯೇ ಬರುತ್ತವೆ: ಕುಂದಗೋಳದ ಸವಾಯಿ ಗಂಧರ್ವರು, ಮನ್ಸೂರಿನ ಮಲ್ಲಿಕಾರ್ಜುನರು, ಯಲಿವಾಳದ ಬಸವರಾಜ ರಾಜಗುರುಗಳು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು. ಈ ಮಹನೀಯರ ಕೀರ್ತಿಯು ದೇಶವೆಲ್ಲಕ್ಕೂ ವಿದಿತವಾಗಿರುವುದರಿಂದ ಅದನ್ನು ಮತ್ತೆ ಹೇಳುವುದು ಈ ಹೊತ್ತಿನ ನನ್ನ ಉದ್ದೇಶವಲ್ಲ. ಅದೇ ನೆಲದಲ್ಲಿ ಹೆಸರು ಹೊರಗೆ ಬಾರದೆ ಹಾಡುತ್ತ ಬಾರಿಸುತ್ತ ಇರುವ ಮೇಳಗಳು ಅನೇಕವಿವೆ. ಶ್ರಾವಣದ ಭಜನೆಯವರು, ಡೊಳ್ಳಿನವರು, ಕರಡಿ ಮಜಲಿನವರು, ಗೀಗೀ ಪದದವರು, ಜಗ್ಗಲಿಗೆಯವರು ಎಲ್ಲರೂ ಈ ಗುಂಪಿಗೆ ಸೇರಿದವರು. ಇವರಿಗೆ ಪ್ರೋತ್ಸಾಹ ಕೊಡಬೇಕೆಂದು ಊರೂರಿನಲ್ಲಿ ಸ್ಪರ್ಧೆಗಳು ಏರ್ಪಡುತ್ತಿವೆ. ಸ್ಪರ್ಧೆಯಿಂದ ಕಲಾವಿದನಿಗೆ ನಿಜವಾಗಿ ಆಶ್ರಯ ದೊರೆಯುವುದೆ? ದೊರೆಯಬೇಕಾದರೆ ಅದು ಹೇಗಿರಬೇಕು? ಇವೆರಡು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತೇನೆ.

ಹಾಡಿನ ಪಂತವು ಈ ಸೀಮೆಗೆ ಹೊಸದಲ್ಲ. ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳ ಗೀಗೀ ಮೇಳಗಳು ಜಾತ್ರೆಯ ರಾತ್ರಿ ಎದುರುಬದುರಾಗಿ ನಿಂತು ಹಾಡುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹರದೇಶಿಯವರು ತುರಾಯಿಯ ಪಕ್ಷ. ಶಿವನು ಹೆಚ್ಚೆಂದು ವಾದಿಸುವರು. ನಾಗೇಶಿಯವರು ಕಲ್ಗಿಯ ಪಕ್ಷ. ಶಕ್ತಿಯೇ ಹೆಚ್ಚೆಂದು ಸಾಧಿಸುವರು. ಮುಂದಾಳು ದಪ್ಪು ಹಿಡಿದು ನುಡಿ ಎತ್ತುತ್ತಾನೆ. ತುಂತುಣಿ, ತಾಳಗಳೊಡನೆ ಹಿಮ್ಮೇಳದವರು ‘ಗೀ ಗೀ’ ಎಂದು ದನಿಗೂಡಿಸುತ್ತಾರೆ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಹಾಡಿನಲ್ಲಿಯೇ ಜವಾಬು ಕೊಡಬೇಕು. ಪುರಾಣದಿಂದ ಆರಂಭವಾದ ವಾದವು ನಡುರಾತ್ರಿಯ ಹೊತ್ತಿಗೆ ಗಂಡಹೆಂಡಿರ ಜಗಳಕ್ಕೆ ಇಳಿಯುತ್ತದೆ; ಮತ್ತೆ ತತ್ತ್ವಕ್ಕೆ ಏರುತ್ತದೆ. ಎಷ್ಟೋ ಮೇಳಗಳಲ್ಲಿ ಹೆಂಗಸರೇ ಮುಂದೆ ನಿಂತು ಹಾಡುವುದುಂಟು.

ಇಂತಹ ಹಾಡುಗಾರರ ನಾಲಗೆಯಲ್ಲಿ ನಾಡಿನ ಚರಿತ್ರೆಯೂ ಉಳಿಯಿತು. ಸಂಗೊಳ್ಳಿ ರಾಯಣ್ಣನ ಕತೆಯನ್ನೂ, 1857ರಲ್ಲಿ ಆಯುಧಗಳನ್ನು ಒಪ್ಪಿಸಲಾರೆವೆಂದು ಎದುರುನಿಂತ ಹಲಗಲಿಯ ಬೇಡರ ಕತೆಯನ್ನೂ ಲಾವಣಿಕಾರರು ಕಾಪಾಡಿಕೊಂಡು ಬಂದರು. ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ಅಂತಹ ಲಾವಣಿಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದುದು ವಿದ್ವಾಂಸರಿಗೆ ತಿಳಿದೇ ಇದೆ.

ಈ ಪಂತದ ಒಂದು ಗುಣವನ್ನು ನಾವು ವಿಶೇಷವಾಗಿ ಗಮನಿಸಬೇಕು. ಊರಿನವರು ಎರಡು ಮೇಳಗಳಿಗೂ ವೀಳ್ಯ ಕೊಟ್ಟು ಕರೆಸುತ್ತಾರೆ. ಎದುರಾಳಿಯಿಲ್ಲದೆ ಆಟವೇ ಇಲ್ಲವೆಂಬುದು ಅವರಿಗೆ ಗೊತ್ತು. ಆದುದರಿಂದ ಸೋತ ಮೇಳವೂ ಉಂಡು, ಸಂಭಾವನೆ ಪಡೆದು ಹೋಗುತ್ತದೆ. ಹಾಡಲು ಇಡೀ ರಾತ್ರಿಯಿದೆ. ತೀರ್ಪು ಹೇಳಲು ಕಂಬಳಿ ಹೊದ್ದು ಕುಳಿತ ಊರೇ ಇದೆ. ಇಂದು ಜವಾಬು ತಪ್ಪಿದವನು ಮುಂದಿನ ಜಾತ್ರೆಗೆ ಹೊಸ ಪದ ಕಟ್ಟಿಕೊಂಡು ಬರುತ್ತಾನೆ. ಪಂತವು ಹೀಗೆ ವಿದ್ಯೆಯನ್ನು ಬೆಳೆಸಿತು, ವಿದ್ಯಾವಂತನ ಅನ್ನವನ್ನು ಕಸಿಯಲಿಲ್ಲ.

ಈಗ ಪಟ್ಟಣದ ಸಭಾಗೃಹಗಳಲ್ಲಿ ನಡೆಯುವ ಸ್ಪರ್ಧೆಗಳ ಕಡೆಗೆ ತಿರುಗೋಣ. ಇಪ್ಪತ್ತು ಮೇಳಗಳು ಬಂದವೆಂದು ಭಾವಿಸಿರಿ. ಮೇಳಕ್ಕೆ ಹದಿನೈದು ಮಂದಿಯಂತೆ 300 ಜನರಾದರು. ಒಂದೊಂದು ಮೇಳಕ್ಕೆ ಹತ್ತು ನಿಮಿಷದ ಕಾಲ. ಶ್ರುತಿ ಕೂಡುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಬಹುಮಾನಗಳು ಮೂರು, ಅವು 45 ಮಂದಿಗೆ ಸಂದವು. ಮಿಕ್ಕ 255 ಮಂದಿಯ ಗತಿಯೇನು? ಅಂದಿನ ಕೂಲಿಯನ್ನು ಬಿಟ್ಟು ಬಂದವರು, ವಾದ್ಯಗಳನ್ನು ಸಾಗಿಸಲು ಬಾಡಿಗೆ ತೆತ್ತವರು ಒಂದು ಪ್ರಶಸ್ತಿಪತ್ರವನ್ನು ಕೈಯಲ್ಲಿ ಹಿಡಿದು ಮನೆಗೆ ಮರಳಬೇಕು. ಮುಂದಿನ ವರ್ಷ ಅವರ ಮಕ್ಕಳು ಡೊಳ್ಳಿಗೆ ಕೈಹಾಕುವರೆಂದು ನಾವು ಯಾವ ಧೈರ್ಯದಿಂದ ನಂಬೋಣ?

ಹುಬ್ಬಳ್ಳಿಯ ಬಳಿಯ ಬ್ಯಾಹಟ್ಟಿಯ ಜಗ್ಗಲಿಗೆಯನ್ನೇ ತೆಗೆದುಕೊಳ್ಳಿರಿ. ಬಂಡಿಯ ಗಾಲಿಗೆ ಎಮ್ಮೆಯ ಚರ್ಮವನ್ನು ಬಿಗಿದು ಮಾಡಿದ ಈ ವಾದ್ಯವನ್ನು ಯುಗಾದಿ, ಹೋಳಿಗಳಲ್ಲಿ ಬೀದಿಯಲ್ಲಿ ಉರುಳಿಸಿಕೊಂಡು ಬಾರಿಸುತ್ತಾರೆ. ಕಣಿಹಲಗಿಯೆಂಬ ಚಿಕ್ಕ ಮಣ್ಣಿನ ವಾದ್ಯವನ್ನು ಹಿಡಿದವನೊಬ್ಬನು ಆ ಭಾರಿ ಸದ್ದನ್ನೆಲ್ಲ ತನ್ನ ಗತಿಗೆ ಒಳಪಡಿಸುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಹೋಳಿಯ ಸಮಯಕ್ಕೆ ಜಗ್ಗಲಿಗೆ ಹಬ್ಬವೂ ನಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಚರ್ಮ ಹರಿದರೆ ಹೊಸದು ಬೇಕು. ಗಾಲಿ ಮಾಡುವ ಬಡಿಗನೂ ಚರ್ಮ ಹದಮಾಡುವವನೂ ಬದುಕಬೇಕು. ಹಬ್ಬದ ದಿನದ ಚಪ್ಪಾಳೆಯಿಂದ ಇವು ಯಾವುವೂ ಆಗುವುದಿಲ್ಲ.

ನಾವು ಕೊಂಡಾಡುವ ದೊಡ್ಡ ಗವಾಯಿಗಳು ಹೇಗೆ ಬೆಳೆದರು? ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಮಂಡಳಿಯ ರಂಗದ ಮೇಲೆ ಹಾಡಿದವರು. ಗುರುಗಳ ಕಣ್ಣಿಗೆ ಬಿದ್ದುದೂ ಅಲ್ಲಿಯೇ. ಬಸವರಾಜ ರಾಜಗುರುಗಳಿಗೆ ಪಂಚಾಕ್ಷರಿ ಗವಾಯಿಗಳ ಆಶ್ರಯ ದೊರೆಯಿತು. ತಾವೇ ಅಂಧರಾಗಿದ್ದ ಆ ಮಹಾನುಭಾವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಮೊದಲು ಅನ್ನವನ್ನಿಕ್ಕಿ ಬಳಿಕ ಸ್ವರವನ್ನು ಕಲಿಸಿದರು. ಊಟ, ಗುರು, ಕೇಳುವ ಜನ, ಈ ಮೂರೂ ಒಂದೆಡೆ ಕೂಡಿದಾಗ ಪ್ರತಿಭೆಯು ತಾನಾಗಿ ತಲೆಯೆತ್ತಿತು.

ಹಾಗಾದರೆ ಪರೀಕ್ಷೆಯೇ ಬೇಡವೆ, ಕಾಳು ಜೊಳ್ಳುಗಳನ್ನು ಬೇರ್ಪಡಿಸುವುದು ಹೇಗೆ ಎಂದು ತಾವು ಕೇಳಬಹುದು. ಪರೀಕ್ಷೆ ಅವಶ್ಯವಾಗಿ ಬೇಕು. ಅದಕ್ಕೆ ಬಾನುಲಿಯೇ ಒಂದು ಮಾದರಿ. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಆಕಾಶವಾಣಿಯು ಕಲಾವಿದರನ್ನು ಧ್ವನಿಪರೀಕ್ಷೆಗೆ ಗುರಿಮಾಡಿ ಶ್ರೇಣಿಗಳನ್ನು ಗೊತ್ತುಮಾಡುತ್ತದೆ. ಅಲ್ಲಿ ಒಬ್ಬನು ಗೆದ್ದರೆ ಇನ್ನೊಬ್ಬನು ಸೋಲಬೇಕೆಂಬ ಕಟ್ಟಳೆಯಿಲ್ಲ. ಮಟ್ಟವನ್ನು ಮುಟ್ಟಿದವರೆಲ್ಲರೂ ಕಾರ್ಯಕ್ರಮಕ್ಕೂ ಸಂಭಾವನೆಗೂ ಅರ್ಹರು. ಕಾಳನ್ನು ಆರಿಸುವುದಕ್ಕೂ ಕಾಳುಗಳಲ್ಲಿ ಮೂರನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಚೆಲ್ಲುವುದಕ್ಕೂ ಬಹಳ ಅಂತರವಿದೆ.

ಆದುದರಿಂದ ಅವಳಿನಗರದ ಮಹಾಜನರಲ್ಲಿ ನನ್ನ ಬಿನ್ನಹವಿಷ್ಟೆ. ಸ್ಪರ್ಧೆಯನ್ನು ಮಾಡಿರಿ, ಆದರೆ ಕರೆಸಿದ ಪ್ರತಿಯೊಂದು ಮೇಳಕ್ಕೂ ದಾರಿಯ ಖರ್ಚು, ಊಟ, ಒಂದು ದಿನದ ಸಂಭಾವನೆ, ಇಷ್ಟನ್ನು ಮೊದಲು ತೆಗೆದಿರಿಸಿರಿ. ಮಿಕ್ಕ ಹಣದಲ್ಲಿ ಬಹುಮಾನವಿರಲಿ. ಹತ್ತು ಮೇಳಗಳಿಗೆ ಸಾಲುವಷ್ಟೇ ಹಣವಿದ್ದರೆ ಹತ್ತನ್ನೇ ಕರೆದು, ಪ್ರತಿಯೊಂದಕ್ಕೂ ಅರ್ಧ ಗಂಟೆಯಾದರೂ ಅವಕಾಶ ಕೊಡಿರಿ. ತೀರ್ಪುಗಾರರ ಸಾಲಿನಲ್ಲಿ ಆ ಕಲೆಯಲ್ಲಿಯೇ ಕೂದಲು ನೆರೆತವರು ಕುಳಿತಿರಲಿ. ಗೆದ್ದವರಿಗೆ ಬೆಳ್ಳಿಯ ಬಟ್ಟಲಿಗಿಂತ ವರ್ಷದೊಳಗೆ ನಾಲ್ಕು ಕಡೆ ಹಾಡುವ ವೀಳ್ಯವು ಹೆಚ್ಚಿನ ಬಹುಮಾನವಾದೀತು. ಇನ್ನು ವಿದ್ಯಾವಂತರಾದ ನಾವು ನಮ್ಮ ಮನೆಯ ಮದುವೆಗಳಿಗೆ ಯಂತ್ರದ ಸಂಗೀತವನ್ನು ಹಾಕುವ ಮುನ್ನ ನೆರೆಯ ಹಳ್ಳಿಯ ಕರಡಿ ಮಜಲಿನವರನ್ನು ಒಮ್ಮೆ ನೆನೆಯಬೇಕು. ನಾವು ಕೊಡುವ ಆ ವೀಳ್ಯಕ್ಕೆ ಯಾವ ಸಭೆಯ ಠರಾವೂ ಬೇಕಾಗಿಲ್ಲ.

ಸವಾಲು ಹಾಕುವವನಿಗೆ ಜವಾಬು ಕೊಡುವವನು ಬೇಕು. ಇಬ್ಬರಿಗೂ ಊರಿನ ಆದರ ಬೇಕು. ಜಾತ್ರೆಯ ಹಿರಿಯರು ಕಂಡುಕೊಂಡಿದ್ದ ಈ ನ್ಯಾಯವನ್ನು ಪಟ್ಟಣದ ವೇದಿಕೆಯೂ ಒಪ್ಪಿಕೊಂಡರೆ, ಧಾರವಾಡದ ನೆಲದಲ್ಲಿ ಹೆಸರು ಮಾಡಿದವರ ಜೊತೆಗೆ ಹೆಸರಿಲ್ಲದವರೂ ಹಾಡುತ್ತಲೇ ಇರುವರು.