ಸಾಕ್ಷ್ಯಚಿತ್ರ, ಸಂವಾದ ಮತ್ತು ಯುವ ಪ್ರೇಕ್ಷಕರು

ನಿರ್ದೇಶಕರು ತಾವೇ ವಿಷಯ ಆರಿಸಿಕೊಂಡು, ಹಣ ಹೊಂದಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ ತೆಗೆದದ್ದು ಸ್ವತಂತ್ರ ಸಾಕ್ಷ್ಯಚಿತ್ರ. 1948ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರಗಳಿಗೆ ಟಾಕೀಸುಗಳಲ್ಲಿ ಕಡ್ಡಾಯವಾದ ಜಾಗವಿತ್ತು. ಸ್ವತಂತ್ರ ಚಿತ್ರಗಳಿಗೆ ಅಂಥ ಆಸರೆ ಇರಲಿಲ್ಲ. 2004ರ ಮುಂಬೈ ಚಿತ್ರೋತ್ಸವದ ಹೊತ್ತಿಗೆ ಭಾರತೀಯ ಸಾಕ್ಷ್ಯಚಿತ್ರಗಳಿಗೆ ಸೆನ್ಸಾರ್ ಪತ್ರ ಬೇಕೆಂಬ ಷರತ್ತು ಬಂದಾಗ ನಿರ್ದೇಶಕರು ಪ್ರತಿಭಟಿಸಿ, ‘ವಿಕಲ್ಪ’ ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು. ಉತ್ಸವವೇ ಈ ಚಿತ್ರಗಳ ಟಾಕೀಸು.

ಇಂಥ ಉತ್ಸವವನ್ನು ಸಂವಾದವಾಗಿ ಕಟ್ಟುವ ಬಗೆಗೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದವರು ದೂರದ ಮಾದರಿ ಹುಡುಕಬೇಕಿಲ್ಲ. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ಸಾಂಸ್ಕೃತಿಕ ಸಂಸ್ಥೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಪುಣೆಯ ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್ ಚಿತ್ರಗಳನ್ನು ಒದಗಿಸಿದರು. ಅಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಬಂದು ರಸಗ್ರಹಣ ಪಾಠ ಮಾಡಿದರು. ‘ಪಥೇರ್ ಪಾಂಚಾಲಿ’, ‘ರಾಶೋಮನ್’, ‘ಬೈಸಿಕಲ್ ಥೀವ್ಸ್’ ಚಿತ್ರಗಳನ್ನು ಅಡಿಕೆ ತೋಟದ ಜನ ನೋಡಿ ಚರ್ಚಿಸಿದರು. ಎಂಬತ್ತರ ದಶಕದಲ್ಲಿ ನೀನಾಸಂನ ‘ಜನಸ್ಪಂದನ’ ಯೋಜನೆ ಈ ಪ್ರದರ್ಶನಗಳನ್ನು ಬೇರೆ ಊರುಗಳಿಗೂ ಒಯ್ದಿತು. ನಾಯರ್ ಅವರ ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ತೆಗೆದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಪ್ರೇಕ್ಷಕರೂ ಇದ್ದಾರೆ. ಅಲ್ಲಿ ನಡೆದದ್ದು ಮುಖ್ಯವಾಗಿ ಕಥಾಚಿತ್ರಗಳ ಪ್ರದರ್ಶನ, ನಿಜ. ಆದರೆ ಹಳ್ಳಿಯವರಿಗೆ ಕಠಿಣ ಸಿನಿಮಾ ಹಿಡಿಸದು ಎಂಬ ನಂಬಿಕೆ ಅಲ್ಲಿಯೇ ಬಿದ್ದುಹೋಯಿತು. ನೋಟಕ್ಕಿದ್ದಷ್ಟೇ ತೂಕ ಮಾತಿಗೂ ಸಿಕ್ಕಿದ್ದು ಅದಕ್ಕೆ ಕಾರಣ.

ಸಾಕ್ಷ್ಯಚಿತ್ರದಲ್ಲಿ ಆ ಮಾತು ಇನ್ನೂ ಅಗತ್ಯ, ಏಕೆಂದರೆ ಪರದೆಯ ಮೇಲಿರುವವರು ಬದುಕಿರುವ ಜನ. ಕ್ಯಾಮೆರಾ ಯಾರ ಕೈಯಲ್ಲಿತ್ತು, ಯಾರ ಮಾತು ಕೇಳಿಸಲೇ ಇಲ್ಲ, ಯಾವುದನ್ನು ಕತ್ತರಿಸಲಾಯಿತು ಎಂಬ ಪ್ರಶ್ನೆಗಳಿಂದ ಚರ್ಚೆ ಹೊರಡಬಹುದು. ಫೋನಿನಲ್ಲೇ ವಿಡಿಯೋ ಎಡಿಟ್ ಮಾಡುವ ವಿದ್ಯಾರ್ಥಿಗಳಿಗೆ ಒಂದೇ ದೃಶ್ಯಾವಳಿಯನ್ನು ಎರಡು ಬಗೆಯಲ್ಲಿ ಜೋಡಿಸಲು ಕೊಟ್ಟರೆ, ಅರ್ಥ ಹೇಗೆ ತಿರುಗುತ್ತದೆಂದು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ವಿಷಯಕ್ಕೂ ಬರವಿಲ್ಲ. ಮಧುಶ್ರೀ ದತ್ತ ಅವರ ‘ಸ್ಕ್ರಿಬಲ್ಸ್ ಆನ್ ಅಕ್ಕ’ (2000) ಅಕ್ಕಮಹಾದೇವಿಯನ್ನು ಇಂದಿನವರು ಹೇಗೆ ಕಾಣುತ್ತಾರೆಂದು ಕೇಳುವ ಚಿತ್ರ. ಅಕ್ಕನ ಹುಟ್ಟೂರೆಂದು ಹೆಸರಾದ ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಈ ಚಿತ್ರವನ್ನು ಉಡುತಡಿಯ ಯುವಜನರೊಂದಿಗೆ ನೋಡಿದರೆ ಏಳುವ ಪ್ರಶ್ನೆಗಳೇ ಬೇರೆ. ಬೆಂಗಳೂರು ಫಿಲ್ಮ್ ಸೊಸೈಟಿ 2005ರಿಂದ ನಡೆಸಿದ ‘ವಾಯ್ಸಸ್ ಫ್ರಮ್ ದ ವಾಟರ್ಸ್’ ನೀರಿನ ವಿಷಯವೊಂದನ್ನೇ ಹಿಡಿದ ಉತ್ಸವ. ಕುಮುದ್ವತಿ, ದಂಡಾವತಿ ಹರಿಯುವ ಈ ನೆಲಕ್ಕೆ ಅದು ಹೊಂದುತ್ತದೆ. ಸೊರಬದ ಗುಡಿಗಾರರ ಗಂಧದ ಕೆತ್ತನೆ ವಿದ್ಯಾರ್ಥಿಗಳೇ ಚಿತ್ರಿಸಬಹುದಾದ ವಸ್ತು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಹೆಚ್ಚು ಎಚ್ಚರ ಬೇಡುವ ವಸ್ತು: ಹರಕೆ ಹೊತ್ತವರು ಬೆತ್ತಲಾಗಿ ದೇವಿಯ ಗುಡಿಗೆ ಹೋಗುವ ಅಲ್ಲಿನ ಬೆತ್ತಲೆ ಸೇವೆಯನ್ನು, ಅದನ್ನು ತಡೆಯಲು ಹೋದವರ ಮೇಲೆ 1986ರಲ್ಲಿ ನಡೆದ ಹಲ್ಲೆಯ ಬಳಿಕ, ಸರ್ಕಾರ ನಿಷೇಧಿಸಿತು. ಹರಕೆ ಹೊತ್ತವರ ದೇಹವನ್ನು ಕ್ಯಾಮೆರಾ ತೋರಿಸಬಹುದೇ, ಎಷ್ಟು, ಯಾರ ಒಪ್ಪಿಗೆಯಿಂದ ಎಂಬುದನ್ನು ಚಿತ್ರ ತೆಗೆಯುವ ಮೊದಲೇ ಮಾತಾಡಬೇಕು.

ಉತ್ಸವದ ಏರ್ಪಾಡು ದೊಡ್ಡದೇನಲ್ಲ. ಕಾಲೇಜಿನ ಸಭಾಂಗಣ, ಒಂದು ಪ್ರೊಜೆಕ್ಟರ್, ನಿರ್ದೇಶಕರ ಅನುಮತಿ ಮೊದಲು ಬೇಕಾದವು. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡ ಅಡಿಬರಹ ಹಾಕಿಸಬೇಕು. ಅದಿಲ್ಲದೆ ನಡೆಯುವ ಚರ್ಚೆ ಇಂಗ್ಲಿಷ್ ಬಲ್ಲ ಕೆಲವರದ್ದಾಗಿಬಿಡುತ್ತದೆ. ದಿನಕ್ಕೆ ಎರಡೇ ಚಿತ್ರ ಇಟ್ಟುಕೊಂಡರೆ ಮಾತಿಗೆ ಸಮಯ ಉಳಿಯುತ್ತದೆ.