ಎತ್ತರದ ಕಂಬಕ್ಕೆ ತಕ್ಕ ದಪ್ಪ
(ಉಗರಗೋಳದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ-ಗೊಬ್ಬರದ ಮಾತು ಬಿಟ್ಟು ಗ್ರಾಮಸೇವಕನು ಇಂದು ಕಂಬದ ಮಾತು ತೆಗೆದನಲ್ಲ ಎಂದು ತಾವು ನಗಬಹುದು. 2019ರ ಆಗಸ್ಟಿನ ಮಳೆ-ನೆರೆಗೆ ನಮ್ಮ ಜಿಲ್ಲೆಯಲ್ಲಿ ಸಾವಿರಗಟ್ಟಲೆ ಮನೆ ಬಿದ್ದವು. ಈಗ ಹೊಸದಾಗಿ ಕಟ್ಟುವವರಲ್ಲಿ ಬಹಳ ಜನ ಸಿಮೆಂಟು-ಕಬ್ಬಿಣದ ಕಂಬಗಳನ್ನೇ ನಿಲ್ಲಿಸುತ್ತಾರೆ. ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆಂದು ಕೋಣೆ, ಅಂಗಡಿ. ಟ್ರ್ಯಾಕ್ಟರು ನಿಲ್ಲಿಸಲು, ಕಣಕಿ ಒಟ್ಟಲು ಎತ್ತರದ ಶೆಡ್ಡು. ಕೆಲಸ ಒಳ್ಳೆಯದೇ. ಆದರೆ ಎತ್ತರ ಹೆಚ್ಚಿಸಿ ದಪ್ಪವನ್ನು ಮಾತ್ರ ಅದೇ 9 ಇಂಚು ಇಡುವುದು ಅಪಾಯ.

ಜೋಳದ ದಂಟನ್ನು ಗೇಣುದ್ದ ಕತ್ತರಿಸಿ, ನೆಲದ ಮೇಲೆ ನಿಲ್ಲಿಸಿ ಅಂಗೈಯಿಂದ ಒತ್ತಿರಿ. ಬಾಗುವುದಿಲ್ಲ, ಬಹಳ ಒತ್ತಿದರೆ ಜಜ್ಜೀತು. ಅದೇ ದಂಟು ಆಳುದ್ದವಿದ್ದರೆ ತುಸು ಒತ್ತಿದೊಡನೆ ನಡುವಿನಲ್ಲಿ ಬದಿಗೆ ಬಾಗುತ್ತದೆ. ದಂಟಿನ ಗಟ್ಟಿತನ ಕಡಿಮೆಯಾಗಲಿಲ್ಲ, ಉದ್ದ ಹೆಚ್ಚಿತು ಅಷ್ಟೆ. ಗಣಿತಜ್ಞ ಆಯ್ಲರನು 1744ರಲ್ಲಿಯೇ ಇದರ ಲೆಕ್ಕ ಕೊಟ್ಟನು: ಉದ್ದ ಎರಡು ಪಟ್ಟಾದರೆ, ಬಾಗದೆ ಹೊರುವ ಭಾರ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳ ಮರದ ಕಂಬಗಳನ್ನು ನೋಡಿರಿ, ಗಿಡ್ಡ ಮತ್ತು ದಪ್ಪ. ಅಜ್ಜಂದಿರು ಆಯ್ಲರನನ್ನು ಓದಿದವರಲ್ಲ!

ಕಾಂಕ್ರೀಟಿಗೆ ನಮ್ಮ ದೇಶದ ಸಂಹಿತೆ ಐ.ಎಸ್. 456. ಲೆಕ್ಕದ ಉದ್ದವು ದಪ್ಪದ 12 ಪಟ್ಟು ಮುಟ್ಟಿದರೆ ಅದು ಉದ್ದಗಂಬ, ಅದಕ್ಕೆ ಬೇರೆ ಲೆಕ್ಕ ಮಾಡಬೇಕು ಎನ್ನುತ್ತದೆ. ನೆನಪಿಗೆ ಸುಲಭ: ಎಷ್ಟು ಇಂಚು ದಪ್ಪವೋ ಅಷ್ಟು ಅಡಿ. 9 ಇಂಚಿಗೆ 9 ಅಡಿ. 9ಕ್ಕೆ 18ರ ಕಂಬವಾದರೂ ತೆಳುವಾದ ಮಗ್ಗುಲಿಗೇ ಬಾಗೀತು. ಎರಡೂ ಮಗ್ಗುಲು ಅಳೆಯಬೇಕು.

‘ಲೆಕ್ಕದ ಉದ್ದ’ ಎಂದೆ. ಬುಡ-ತಲೆ ಎರಡೂ ಬಿಗಿಯಾಗಿದ್ದು ಅತ್ತಿತ್ತ ಸರಿಯದ ಕಂಬಕ್ಕೆ ಅದು ಎತ್ತರಕ್ಕಿಂತ ಕಡಿಮೆ. ಬುಡ ಮಾತ್ರ ಬಿಗಿದು ತಲೆಯನ್ನು ಯಾವುದೂ ಹಿಡಿದಿಲ್ಲವಾದರೆ ಎತ್ತರದ ಎರಡು ಪಟ್ಟು. ಅಂಥ 14 ಅಡಿಯ ಶೆಡ್ಡಿನ ಕಂಬವನ್ನು 28 ಅಡಿಯದೆಂದೇ ಹಿಡಿಯಬೇಕು. ಆಗ ಸಂಹಿತೆಯ ಪ್ರಕಾರ ಭಾರವು ಸುಮಾರು 6 ಇಂಚಿನವರೆಗೆ ನಡುವಿನಿಂದ ಸರಿದಂತೆ ಎಣಿಸಬೇಕಾದೀತು. 9 ಇಂಚಿನ ಕಂಬದಲ್ಲಿ ನಡುವಿನಿಂದ ಅಂಚಿಗೆ ಇರುವುದೇ ನಾಲ್ಕೂವರೆ ಇಂಚು. ಭಾರ ಕಂಬದ ಹೊರಗೇ ಹೋಯಿತು! ತಗಡು ಹಗುರವೆಂದು ಸಮಾಧಾನಪಡಬೇಡಿರಿ, ಗಾಳಿಯೂ ದೂಡುತ್ತದೆ.

ಆದ್ದರಿಂದ ಎತ್ತರ ಬೇಕಾದಲ್ಲಿ ದಪ್ಪ ಹೆಚ್ಚಿಸಿರಿ. ಕಂಬಗಳ ತಲೆಯನ್ನು ಎರಡೂ ದಿಕ್ಕಿಗೆ ಬೀಮಿನಿಂದ ಕೂಡಿಸಿರಿ. ನಡು ಎತ್ತರದಲ್ಲಿಯೂ ಒಂದು ಸುತ್ತು ಬೀಮು ಬರಲಿ. ಒಂದೇ ದಿಕ್ಕಿಗೆ ಕೊಟ್ಟರೆ ಇನ್ನೊಂದು ದಿಕ್ಕಿಗೆ ಕಂಬ ಮೊದಲಿನಂತೆಯೇ ಉದ್ದ. ಒಂದು ಸ್ಲ್ಯಾಬಿಗೆಂದು ಹಾಕಿದ ಕಂಬದ ಮೇಲೆ, ಜಾತ್ರೆಯ ಆದಾಯ ಬಂತೆಂದು ಇನ್ನೊಂದು ಮಹಡಿ ಏರಿಸುವ ಮುನ್ನ ಇಂಜಿನಿಯರರಿಗೆ ತೋರಿಸಿರಿ. ಅವರ ಫೀ ಒಂದು ಕಂಬದ ಖರ್ಚಿಗಿಂತ ದೊಡ್ಡದೆನಿಸಬಹುದು, ಮನೆಯೊಳಗಿನ ಜೀವಗಳಿಗಿಂತ ದೊಡ್ಡದಲ್ಲ.

ಇನ್ನು ರಿಂಗು. ಕಂಬದೊಳಗಿನ ಸಳಿಯೂ ಒಂದು ಉದ್ದಗಂಬವೇ. ರಿಂಗು ದೂರವಾದರೆ ಸಳಿ ಹೊರಗೆ ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. 9 ಇಂಚಿನ ಕಂಬದಲ್ಲಿ 12 ಮಿ.ಮೀ. ಸಳಿ ಇದ್ದರೆ ರಿಂಗಿನಿಂದ ರಿಂಗಿಗೆ ಏಳೂವರೆ ಇಂಚು ಮೀರಬಾರದು. ಅಡಿಗೊಂದು ಸಾಕೆಂದು ಗೌಂಡಿ ಹೇಳಿದರೆ ಒಪ್ಪಬೇಡಿರಿ. ಕಾಂಕ್ರೀಟು ಸುರಿದ ಮೇಲೆ ಎಣಿಸಲು ಬರುವುದಿಲ್ಲ. ಹಿಂದಿನ ದಿನವೇ ಟೇಪು ಹಿಡಿದು ಅಳೆಯಿರಿ.